ಫೋನ್ ರಿಂಗಾದ ಮನೆಗೆ ಹಸಿರು ಸೂಜಿ

ಬೆಳಗಿನ ಆರು ಗಂಟೆ. ಪೊಲೀಸ್ ಠಾಣೆಯ ಹಿಂದಿನ ಕೋಣೆಯಲ್ಲಿ ಕುರ್ಚಿ ಹತ್ತಿ ನಿಂತ ಗುಮಾಸ್ತೆ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಗೋಡೆಯ ಮೇಲಿನ ಊರಿನ ನಕ್ಷೆಗೆ ನಿನ್ನೆಯ ದೂರುಗಳನ್ನು ಚುಚ್ಚುತ್ತಿದ್ದಾರೆ. ಮನೆಗಳ್ಳತನಕ್ಕೆ ಕೆಂಪು, ಫೋನ್ ಮೋಸಕ್ಕೆ ಹಸಿರು. ಠಾಣೆಗೆಲ್ಲ ಇವರು ಸೂಜಿಯಕ್ಕ. ಮಾತನಾಡಿಸಿದರೆ "ಹ್ಞೂಂ" ಎನ್ನುತ್ತಾರೆ, ಅಷ್ಟೇ. ಬಾಯಿ ಖಾಲಿಯಾಗುವವರೆಗೆ ಬಂದವರೇ ಕಾಯಬೇಕು.

ಗಂಡ ತೀರಿಕೊಂಡ ಮೇಲೆ ಸಿಕ್ಕ ಈ ನೌಕರಿಗೆ ಇಪ್ಪತ್ತೆರಡು ವರ್ಷ. ಆಗ ತಿಂಗಳಿಗೆ ಇಪ್ಪತ್ತು ಕೆಂಪು ಸೂಜಿ ಬೇಕಿತ್ತು, ಈಗ ಮೂರೋ ನಾಲ್ಕೋ. ಹಸಿರು ಮಾತ್ರ ದಿನಕ್ಕೊಂದು. ಗಸ್ತು ರಾತ್ರಿಯಿಡೀ ತಿರುಗಿದರೇನು, ಫೋನಿನಲ್ಲಿ ಬರುವ ಕಳ್ಳನಿಗೆ ಕಾಂಪೌಂಡ್ ಹಾರುವ ತಾಪತ್ರಯವೇ ಇಲ್ಲವಲ್ಲ!

ಮೊದಮೊದಲು ಅಕ್ಕನೇ ಎಡವಟ್ಟು ಮಾಡಿಕೊಂಡರು. ಹಸಿರು ಸೂಜಿಯನ್ನು ದುಡ್ಡು ಹೋದ ಬ್ಯಾಂಕಿನ ಮೇಲೆ ಚುಚ್ಚಿದರು. ಅದನ್ನು ನಂಬಿದ ಇನ್‌ಸ್ಪೆಕ್ಟರು ಹದಿನೈದು ದಿನ ಬ್ಯಾಂಕಿನ ಮುಂದೆ ಇಬ್ಬರು ಪೇದೆಗಳನ್ನು ನಿಲ್ಲಿಸಿದರು. ಬಾಯಿಯ ಸೂಜಿ ಮುಗಿದ ಮೇಲೆ ಅಕ್ಕನೇ ಹೇಳುತ್ತಾರೆ: "ಕಳ್ಳ ಬರ್ಲಿಲ್ಲ, ಪಾಪ, ಪೇದೆಗಳ ಕಾಲು ಊದ್ಕೊಂಡ್ವು. ಸಾಹೇಬ್ರು ಗ್ರಹಚಾರ ಬಿಡಿಸ್ತಾರೆ ಅಂತ ನಡುಗ್ತಿದ್ದೆ. ‘ತಪ್ಪು ಗೊತ್ತಾಯ್ತಲ್ಲ, ತಿದ್ದಮ್ಮ’ ಅಂದ್ರು. ಆ ಪುಣ್ಯಾತ್ಮನ್ನ ಮರೆಯೋಕಾಗುತ್ತಾ?"

ಸೂಜಿಗಳನ್ನು ಕಿತ್ತು, ಫೋನ್ ರಿಂಗಾದ ಮನೆಗಳಿಗೆ ಚುಚ್ಚಿದಾಗ ಗುಟ್ಟು ರಟ್ಟಾಯಿತು. ಎಲ್ಲವೂ ನಿವೃತ್ತರಿರುವ ಬೀದಿಗಳು. ಫೋನ್ ಬಂದದ್ದು ಬೆಳಗಿನ ಹತ್ತರ ಸುಮಾರು, ಮಕ್ಕಳು ಕೆಲಸಕ್ಕೆ ಹೋದ ಹೊತ್ತು. ಅಂದಿನಿಂದ ಗಸ್ತಿನ ಅರ್ಧ ಮಂದಿ ಹತ್ತು ಗಂಟೆಗೆ ಆ ಮನೆಗಳ ಬಾಗಿಲು ತಟ್ಟಿ, ಎಚ್ಚರಿಕೆ ಹೇಳಿ ಬರುತ್ತಾರೆ.

ಮೂರೇ ತಿಂಗಳಲ್ಲಿ ದೂರುಗಳು ಎರಡರಷ್ಟಾದವು! "ಅಪರಾಧ ಏರಿದೆ, ಈ ಗಸ್ತು ನಿಲ್ಲಿಸಿ" ಎಂದು ಮೇಲಿನ ಕಚೇರಿ ಕಿಡಿಕಾರಿತು. ಅಕ್ಕ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ನೇರ ಅಲ್ಲಿಗೇ ಹೋದರು. ದೂರು ಬಂದ ತಾರೀಖಿನ ಪಕ್ಕದಲ್ಲಿ ಮೋಸ ನಡೆದ ತಾರೀಖನ್ನೂ ಬರೆಯುವುದು ಅವರ ರೂಢಿ. ತೊಂಬತ್ತು ದೂರುಗಳಲ್ಲಿ ಅರವತ್ತೊಂದರ ಮೋಸ, ಈ ಹಗಲು ಗಸ್ತು ಶುರುವಾಗುವ ಮುಂಚೆಯೇ ನಡೆದದ್ದು. "ಮೋಸ ಹೆಚ್ಚಿಲ್ಲ ಸಾರ್, ಬಾಯಿಬಿಡೋರು ಹೆಚ್ಚಿದಾರೆ. ಇಷ್ಟು ದಿನ ನಾಚಿಕೆಗೆ ನುಂಗ್ಕೊಂಡು ಕೂತಿದ್ರು." ಗಸ್ತು ಉಳಿಯಿತು. ಇದಕ್ಕೆ ಊರೆಲ್ಲ ಈ ಹೆಂಗಸಿಗೆ ಕೈ ಮುಗಿಯಬೇಕು. ಊರಿಗೆ ಇವರ ಹೆಸರೇ ಗೊತ್ತಿಲ್ಲ.

ಮಾತಿನ ನಡುವೆ ಹಿಂಬಾಗಿಲಿನಿಂದ ನಿವೃತ್ತ ಟೀಚರಮ್ಮ ಒಬ್ಬರು ಬಂದು ಅಕ್ಕನ ಕೈ ಹಿಡಿದುಕೊಳ್ಳುತ್ತಾರೆ. ತಾವು ಮೋಸ ಹೋದದ್ದನ್ನು ಎಂಟು ತಿಂಗಳು ಹೆತ್ತ ಮಗಳಿಂದಲೂ ಮುಚ್ಚಿಟ್ಟು, ಕೊನೆಗೆ ಬಾಗಿಲು ತಟ್ಟಿದ ಪೇದೆಯ ಮುಂದೆ ಅತ್ತು ಹಗುರಾದವರು. "ನೀವು ಕಳಿಸಿದ ಹುಡುಗ ಬರ್ದೇ ಇದ್ದಿದ್ರೆ ಕೊರಗಿ ಕೊರಗೇ ಹೋಗ್ಬಿಡ್ತಿದ್ದೆ ಕಣಮ್ಮ."

ಅಕ್ಕ ಕಣ್ಣೊರೆಸಿಕೊಂಡು ಗದರುತ್ತಾರೆ: "ನನಗೇನೂ ಬೇಡ ಟೀಚರಮ್ಮ. ಇನ್ಮೇಲೆ ಹಿಂಬಾಗಿಲಿಂದ ಮಾತ್ರ ಬರ್ಬೇಡಿ. ತಲೆ ಎತ್ಕೊಂಡು ಮುಂದಿನ ಬಾಗಿಲಿಂದ ಬನ್ನಿ. ತಪ್ಪು ಮಾಡಿದೋರು ನೀವಲ್ಲ."