ಹಲಸಿಯಲ್ಲಿ ಅವ್ವ ಕಾದದ್ದು

ಅಪ್ಪನಿಗೆ ಹಳೆಯ ಕಲ್ಲುಗಳ ಹುಚ್ಚು. ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಗ್ರೀಕರ ಮುರಿದ ಕಂಬಗಳ ಚಿತ್ರವಿದ್ದ ಒಂದು ಪುಸ್ತಕ ಊಟದ ಹೊತ್ತಿಗೂ ಅವರ ಬಾಜುವಿಗೆ ಇರಬೇಕು. ಎಪ್ಪತ್ತರ ದಶಕದ ಕೊನೆಗೆ ಒಂದು ಶನಿವಾರ ಅದನ್ನು ಮುಚ್ಚಿಟ್ಟು, “ಅಥೆನ್ಸ್ ನೋಡೂದು ನಮ್ಮ ಹಣೇಬಾರದಾಗ ಇಲ್ಲ. ನಾಳೆ ಹಲಸಿ ಗುಡೀನಾದ್ರೂ ನೋಡಿ ಬರೂಣು ನಡೀರಿ,” ಅಂದರು. ನನಗಾಗ ಹತ್ತು ವರ್ಷ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಹಲಸಿ ಅವಳ ತವರು. ಐದು ವರ್ಷದಿಂದ ಆ ಊರಿನ ಮುಖ ಕಂಡಿರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಸೋದರಮಾವನ ಮದುವೆಯಲ್ಲಿ ಬೀಗರಿಗೆ ಬಟ್ಟೆಬರೆ ಉಡುಗೊರೆ ಕೊಡುವ ಆಯೇರಿ ಮಾಡುವಾಗ ಅಳಿಯನಾದ ಅಪ್ಪನಿಗೆ ರುಮಾಲು ಸುತ್ತುವುದನ್ನು ಮರೆತಿದ್ದರು. ಅಷ್ಟೇ! ಅಂದಿನಿಂದ ಹೋಗುವುದೂ ನಿಂತಿತು, ಕರೆಯಲು ಬರುವುದೂ ನಿಂತಿತು. ಕೊಟ್ಟ ಹೆಣ್ಣು ಕರೆಯದೆ ತವರಿನ ಹೊಸ್ತಿಲು ತುಳಿಯಬಾರದು ಎಂಬ ನಮ್ಮ ಕಡೆಯ ರೀತಿಯನ್ನು ಹಿಡಿದುಕೊಂಡು ಇಬ್ಬರೂ ಗಂಡಸರು ಬಿಗಿದು ಕೂತಿದ್ದರು. ಎಂಥ ಗಂಡಸರೋ, ಶಿವನೇ.

“ಊರಿಗಂತೂ ಹೊಂಟೇವಿ,” ಎಂದಳು ಅವ್ವ, ಮೆಲ್ಲಗೆ.

“ನಿಮ್ಮಣ್ಣ ಬಂದು ಕರದ್ರ ಹೋಗು. ನಾ ಬ್ಯಾಡ ಅನ್ನಾಂಗಿಲ್ಲ,” ಎಂದರು ಅಪ್ಪ. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಮರುದಿನ ಮುಂಜಾನೆ ಬೆಳಗಾವಿಯ ಕೋಟೆಯೊಳಗಿನ ಬಸದಿ ನೋಡಿ, ಖಾನಾಪುರದಲ್ಲಿ ಬಸ್ಸು ಬದಲಿಸಿದೆವು. ಅವ್ವ ಇಳಕಲ್ ಸೀರೆ ಉಟ್ಟು ಕಿಟಕಿಯ ಬದಿಗೆ ಕೂತಿದ್ದಳು. ಆ ಬಾವಿ ನೋಡು, ಈ ಗದ್ದೆ ನೋಡು ಎಂದು ನನ್ನ ತಲೆ ತಿಂದಳು. ಊರು ಬಂದಾಗ ಮಾತ್ರ ಯಾರಾದರೂ ಗುರುತು ಹಿಡಿದಾರು ಎಂದು ಸೆರಗು ಮುಂದೆಳೆದುಕೊಂಡು ನೇರ ಗುಡಿಗೆ ನಡೆದಳು.

ಅಪ್ಪನಿಗೆ ಸ್ವರ್ಗವೇ ಸಿಕ್ಕಿತ್ತು. ಎದುರುಬದುರಾದ ಎರಡು ಗರ್ಭಗುಡಿಗಳ ನಡುವೆ ನಿಂತು, “ಕದಂಬರ ಎರಡನೇ ರಾಜಧಾನಿ ಇದು, ತಿಳೀತೇನು?” ಎಂದು ಕಂಬಗಳಿಗೇ ಪಾಠ ಮಾಡತೊಡಗಿದರು. ಅವ್ವ ನನ್ನನ್ನು ಹೊರಗೆ ಕರೆದಳು.

“ಮೂರನೇ ಓಣ್ಯಾಗ ನೀಲಿ ಬಾಗಿಲ ಮನಿ. ನಿಮ್ಮ ಮಾಮಾಗ ಹೇಳು, ಅವ್ವ ಗುಡ್ಯಾಗ ಕುಂತಾಳಂತ. ಕರೀಲಿಕ್ಕೆ ಬಾ ಅಂತ ಅನಬ್ಯಾಡ ಮತ್ತ. ಕುಂತಾಳ, ಅಷ್ಟ.”

ಓಡಿದೆ. ಆದರೆ ದಾರಿಯಲ್ಲಿ ಒಂದು ಮುರಕು ಗುಡಿ ಇತ್ತು. ಮೇಲ್ಛಾವಣಿ ಇಲ್ಲ, ನೆಲದ ಹಾಸುಗಲ್ಲುಗಳು ಮಾತ್ರ ಉಳಿದಿದ್ದವು. ಅಲ್ಲಿನ ಹುಡುಗಿಯರು ಗೆರೆ ಎಳೆಯುವ ಕೆಲಸವೇ ಇಲ್ಲದೆ ಆ ಚೌಕಗಳ ಮೇಲೆ ಕುಂಟಬಿಲ್ಲೆ ಆಡುತ್ತಿದ್ದರು. “ಖೇಳತೀಸ್ ಕಾ?” ಎಂದು ಮರಾಠಿಯಲ್ಲಿ ಆಟಕ್ಕೆ ಕರೆದರು. ಒಂದೇ ಆಟ ಎಂದುಕೊಂಡೆ. ಎಷ್ಟು ಆಡಿದೆನೋ, ನನ್ನ ಹಾಳು ಕಾಲು ಮುರಿಯಲಿಲ್ಲ. ಹೊತ್ತು ಏರಿದ್ದು ಕಂಡಾಗ ಅವ್ವನ ಬೈಗುಳ ನೆನಪಾಗಿ, ಮೂರನೇ ಓಣಿಯ ಕಡೆ ತಿರುಗದೆ ಸೀದಾ ಗುಡಿಗೆ ಓಡಿದೆ.

“ಹೇಳಿದೇನು?”

“ಹೇಳ್ದೆ.”

“ಏನಂದ?”

“ಹೂಂ ಅಂದ್ರು.”

ಅವ್ವ ಗುಡಿಯ ಕಟ್ಟೆಯ ಮೇಲೆ ಕೂತಳು. ಬುತ್ತಿ ಬಿಚ್ಚಿ ನಮಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ತಾನು ತಿನ್ನಲಿಲ್ಲ. ಓಣಿಯ ಬಾಯಲ್ಲಿ ಯಾರು ಕಂಡರೂ ಸೆರಗು ಸರಿಮಾಡಿಕೊಂಡು ಅರ್ಧ ಏಳುತ್ತಿದ್ದಳು. ಈಗ ಹೋಗಿ ಹೇಳಿದರಾಯಿತು ಎಂದು ನೂರು ಸಲ ಅನಿಸಿತು. ಹೋದರೆ ಸುಳ್ಳು ಬಯಲಾಗುತ್ತಿತ್ತು. ಸಂಜೆಯ ಬಸ್ಸು ಬಂತು. ಅಪ್ಪನೇ ಕಳವಳಗೊಂಡು, “ಇನ್ನೊಂಚೂರು ನೋಡೂಣೇನು?” ಎಂದರು.

“ಬ್ಯಾಡ ನಡೀರಿ,” ಎಂದಳು ಅವ್ವ.

ಎರಡು ವರ್ಷದ ನಂತರ ನಾಗರಪಂಚಮಿಗೆ ಸೋದರಮಾವನೇ ಉಂಡಿಯ ಡಬ್ಬಿ ಹಿಡಿದು ಬೆಳಗಾವಿಗೆ, ಹಿಂದವಾಡಿಯ ನಮ್ಮ ಮನೆಗೆ ಬಂದ. “ತಪ್ಪಾತು, ಹಬ್ಬಕ್ಕ ಬಾ ತಂಗಿ,” ಎಂದ. ಅಪ್ಪನೂ ಹೋಗು ಅಂದರು. ಅವ್ವ, “ಹೂಂ,” ಎಂದಳು. ಹೋಗಲಿಲ್ಲ. ಮುಂದಿನ ವರ್ಷವೂ ಬಂದ. ಆಗಲೂ ಅಷ್ಟೇ. ಎರಡೂ ಸಲ ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಎಂಬತ್ತರ ದಶಕದಲ್ಲಿ ಅವ್ವ ತೀರಿಕೊಂಡಳು. ಒಂದು ಮಧ್ಯಾಹ್ನವನ್ನು ತಿರುಗಿ ಕೊಡುತ್ತೇನೆಂದು ಯಾರಾದರೂ ಅಂದರೆ ನಾನು ಇವತ್ತಿಗೂ ಆ ಕಟ್ಟೆಯ ಮಧ್ಯಾಹ್ನವನ್ನೇ ಬೇಡುತ್ತೇನೆ. ಕಡೆಗೆ ಹೊದಿಸುವ ತವರಿನ ಸೀರೆಯನ್ನು ಸೋದರಮಾವನೇ ತಂದಿದ್ದ. ಅದನ್ನು ಅವಳ ಮೇಲೆ ಹಾಸಿ ನನ್ನ ಬಾಜುವಿಗೆ ಬಂದು ಕೂತ.

“ನೀ ಅಕೀ ಮಗಳು, ನಿನಗ ಗೊತ್ತಿರಬೇಕು. ಕರದ್ರೂ ಬರಲಿಲ್ಲಲ್ಲ ಅಕಿ, ನಾ ಏನ್ ಮಾಡಿದ್ದೆನವಾ?”

“ಗೊತ್ತಿಲ್ಲ ಮಾಮಾ,” ಎಂದೆ.