ಗಾಲಿಯ ಮೇಲೆ ಮೂರು ಬೆರಳು

ಸಿಂಧಘಟ್ಟಕ್ಕೆ ಬಂದು ದೇವಯ್ಯನ ಮನೆ ಎಲ್ಲಿ ಅಂತ ಕೇಳಿದರೆ, ಯಾವ ದೇವಯ್ಯ ಅಂತ ನಿಮ್ಮನ್ನೇ ಕೇಳುತ್ತಾರೆ. ಗಾಲಿ ದೇವಯ್ಯ ಅನ್ನಿ, ಮೂಗು ಸೋರುವ ಮಗುವೂ ಕೈ ಮಾಡಿ ತೋರಿಸುತ್ತದೆ. ಒಕ್ಕಲು ಮನೆಯಲ್ಲಿ ಹುಟ್ಟಿದವನು, ಎರಡೆಕರೆ ಗದ್ದೆ ಇತ್ತು. ಆದರೆ ನೇಗಿಲು ಹಿಡಿದರೆ ಸಾಲು ಹಾವಿನ ಹಾಗೆ ಓಡುತ್ತಿತ್ತು. ಗಾಲಿ ಹಿಡಿದರೆ ಮಾತ್ರ ಕೂದಲೆಳೆಯಷ್ಟೂ ಸೊಟ್ಟ ಇರುತ್ತಿರಲಿಲ್ಲ. ಅವರಪ್ಪ ಬದುಕಿದ್ದಷ್ಟು ದಿನ ಬೈದರು, ಆಮೇಲೆ ಬೈಯುವವರಿಲ್ಲದೆ ದೇವಯ್ಯ ಗದ್ದೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಬಸ್ಸು ನಿಲ್ಲುವ ಕಡೆ ತಗಡಿನ ಸೈಕಲ್ ಶಾಪು ಹಾಕಿಕೊಂಡ.

ಗಾಲಿ ಕಟ್ಟಿದ ಮೇಲೆ ಅದನ್ನು ತಿರುಗಿಸಿ ಬಿಟ್ಟು, ಅಂಚಿಗೆ ಒಂದು ಪೊರಕೆ ಕಡ್ಡಿ ಹಿಡಿಯುತ್ತಿದ್ದ. ಕಡ್ಡಿ ಒಂದು ಸಲ ಟಿಕ್ ಅಂದರೂ ಸರಿ, ಬಿಚ್ಚಿ ಮೊದಲಿಂದ. ಹೊಲಕ್ಕೆ ಹೊತ್ತಾಯಿತು ಅಂತ ಕಾದು ನಿಂತವರು, "ಓಗ್ಲಿ ಬುಡು ದೇವಣ್ಣ, ಇಷ್ಟು ಸಾಕು, ಓಯ್ತದೆ" ಅಂದರೆ, "ಓಯ್ತದೆ ಕಣಪ್ಪ, ಎಲ್ಲಿಗೋಯ್ತದೆ ಅಂತ ಮೊದ್ಲು ಯೋಳು" ಅನ್ನುತ್ತಿದ್ದ. ಕೆಟ್ಟ ಗಾಲಿ ಅವನ ಶಾಪಿನ ಹೊಸ್ತಿಲು ದಾಟಿದ್ದಿಲ್ಲ. ಒಂದು ಸಲ ಬಿಟ್ಟರೆ. ಆ ಒಂದು ಸಲದ ಮಾತೇ ಇದು.

ದೇವಯ್ಯನಿಗೆ ಒಬ್ಬಳು ತಂಗಿ, ಪುಟ್ಟಗೌರಮ್ಮ. ಮನೆಯಲ್ಲಿ ಗೌರಿ. ಒಂದೂವರೆ ವರ್ಷದ ಕೂಸಾಗಿದ್ದಾಗ ಮೂರು ದಿನ ಜ್ವರ ಬಂದು, ನಾಲ್ಕನೇ ದಿನ ಎರಡೂ ಕಾಲು ಸೋತವು. ಅವಳು ನಡೆಯಲಿಲ್ಲ, ಆದರೆ ಹತ್ತನೇ ಕ್ಲಾಸು ಪಾಸು ಮಾಡಿದಳು. ದಿನಾ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು ಅಣ್ಣನೇ.

ತೊಂಬತ್ತಾರನೇ ಇಸವಿಯಲ್ಲಿ ಊರಿಗೆ ಹೆಂಗಸರ ಹಾಲಿನ ಡೈರಿ ಬಂತು. ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಓದಿದ ಹುಡುಗಿ ಬೇಕು ಅಂದರು. ಗೌರಿ ಹದಿನೈದು ದಿನ ಟ್ರೈನಿಂಗಿಗೆ ಹೋಗಿ ಬಂದಳು. ಬಂದ ಮೇಲೆ ಡೈರಿಯ ಅಧ್ಯಕ್ಷೆ ಮನೆ ಬಾಗಿಲಿಗೇ ಬಂದು ಹೇಳಿದರು:

"ನೋಡವ್ವ ಗೌರಿ, ಕೆಲ್ಸ ನಿಂದೇ. ಆದ್ರೆ ವತ್ತಾರೆ ಆರು ಗಂಟೆಗೆ, ಸಂಜೆ ಐದು ಗಂಟೆಗೆ ಅಲ್ಲಿರ್ಬೇಕು. ನಿಮ್ಮಣ್ಣ ಒಂದಿನ ಊರಲ್ಲಿಲ್ದಿದ್ರೆ ಹಾಲ್ ಯಾರವ್ವ ನೋಡೋರು?"

"ನಾನೇ ಬತ್ತೀನಿ ಕಣಕ್ಕ" ಅಂದಳು ಗೌರಿ.

ನಾನೇ ಬರುತ್ತೀನಿ ಅಂದದ್ದು ಸುಲಭ. ಅವಳಿಗೆ ಪೇಟೆಯಲ್ಲಿ ಯಾರೋ ದಾನ ಕೊಟ್ಟಿದ್ದ, ಕೈಯಲ್ಲಿ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ಲೊಂದಿತ್ತು. ಅದರ ಗಾಲಿ ಬಳೆಯ ಹಾಗೆ ತೆಳು. ಡೈರಿ ಇದ್ದದ್ದು ಊರಿನ ಆ ತುದಿಗೆ, ನಡುವೆ ಎತ್ತಿನ ಗಾಡಿಗಳು ಕೊರೆದ ಕೆಸರಿನ ಓಣಿ. ಗಾಲಿ ಹೂತರೆ ನಾಲ್ಕು ಜನ ಬಂದು ಎತ್ತಬೇಕಿತ್ತು.

ದೇವಯ್ಯ ಹಳೇ ಮೊಪೆಡ್ಡುಗಳ ಅಗಲವಾದ ರಿಮ್ಮು ಹುಡುಕಿ ತಂದ. ಕೆಸರು ಕಚ್ಚದ ಹಾಗೆ ಸ್ಪೋಕ್ ಕಡ್ಡಿ ತೆಗೆದುಹಾಕಿ, ನಡುವೆ ಊಟದ ತಟ್ಟೆಯಂಥ ಕಬ್ಬಿಣದ ತಗಡು ಕತ್ತರಿಸಿ ವೆಲ್ಡ್ ಮಾಡಿದ. ಅಂಥ ಗಾಲಿ ಅಂಗಡಿಯಲ್ಲಿ ಸಿಗುವುದಲ್ಲ. ಮೂರು ಗಾಲಿಗೆ ಇಪ್ಪತ್ತು ದಿನ ಹಿಡಿಯಿತು. ಆದರೆ ಬಣ್ಣ? ಡೈರಿಯ ಅಂಗಳವನ್ನು ದಿನಾ ಎರಡು ಹೊತ್ತು ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆಯುತ್ತಾರೆ. ಬ್ರಷ್ಷಿನಲ್ಲಿ ಬಳಿದ ಬಣ್ಣ ಒಂದು ತಿಂಗಳು ಬಾಳುವುದಿಲ್ಲ.

ಆಗ ನೆನಪಾದವನು ಚಿಕ್ಕಮ್ಮನ ಮಗ ಶಿವಶಂಕರ. ಶ್ರೀರಂಗಪಟ್ಟಣದಾಚೆ ರೋಡಿನ ಪಕ್ಕ, ಆಫೀಸಿನ ಬೀರು ಮಾಡುವ ಒಂದು ಫ್ಯಾಕ್ಟರಿಯಲ್ಲಿ ಅವನು ಪೌಡರ್ ಕೋಟಿಂಗ್ ಕೆಲಸಕ್ಕಿದ್ದ. ಊರಿಗೆ ಬಂದಾಗೆಲ್ಲ ಅದೇ ಕಥೆ. "ಬಣ್ಣ ಅಂದ್ರೆ ನೀರಲ್ಲ ಕಣಣ್ಣ, ಪುಡಿ. ರಾಗಿ ಹಿಟ್ಟಿನ್ ಥರ. ಕರೆಂಟು ಕೊಟ್ಟು ಎರಚುದ್ರೆ ಕಬ್ಬಿಣಕ್ಕೆ ತಾನೇ ಬಂದು ಅಂಟ್ಕತದೆ. ಆಮೇಲೆ ದೊಡ್ಡ ಒಲೆವೊಳಗೆ ನೇತಾಕುದ್ರೆ ಕರಗಿ ಚರ್ಮದಂಗೆ ಕೂತ್ಕತದೆ. ಸೋಡಾ ಅಲ್ಲ, ಅದರಪ್ಪ ಬಂದ್ರೂ ಬುಡಲ್ಲ."

ಮೂರು ಗಾಲಿ ಮಾಡಿಕೊಡುತ್ತೀಯಾ ಅಂದದ್ದಕ್ಕೆ ಶಂಕರ ತಲೆ ಕೆರೆದುಕೊಂಡ. "ಸೂಪರ್‌ವೈಸರ್‌ನ ಒಪ್ಪುಸ್ತೀನಿ. ಆದ್ರೆ ನಮ್ಮಲ್ಲಿ ಮೊದ್ಲು ತೊಟ್ಟೀಲಿ ಮುಳುಗ್ಸಿ ಜಿಡ್ಡು ತೆಗೀತಾರೆ. ನಮ್ ತೊಟ್ಟಿ ಬೀರು ಬಾಗಿಲಿಗೆ ಮಾಡಿರೋದು, ಕಿರಿದು. ನಿನ್ ಗಾಲಿ ಇಳಿಯಲ್ಲ."

"ಜಿಡ್ಡು ನಾನ್ ತೆಗ್ದು ಕಳಿಸ್ತೀನಿ ಬುಡ್ಲಾ. ನನ್ ಕೆಲ್ಸದಲ್ಲಿ ಜಿಡ್ಡು ಉಳ್ದದಾ?"

"ಕೈ ಕೂಡ ತಾಗುಸ್ಬಾರ್ದು ಮತ್ತೆ."

ದೇವಯ್ಯ ಉಜ್ಜಿದ, ತಿನ್ನರ್ ಹಾಕಿ ಮೂರು ಸಲ ಒರೆಸಿದ. ಬೇರಿಂಗ್ ಕೂರುವ ತೂತಿಗೆ ಬಣ್ಣ ಹೋಗಬಾರದೆಂದು, ಸೀಮೆಎಣ್ಣೆಯಲ್ಲಿ ತೊಳೆದೊಣಗಿಸಿದ ಹಳೇ ಬೇರಿಂಗುಗಳನ್ನೇ ಬಿರಡೆ ಮಾಡಿ ಜಡಿದ. ಮಡಿ ಬಟ್ಟೆ ಹಿಡಿದ ಹಾಗೆ ಒಗೆದ ಪಂಚೆಯಲ್ಲಿ ಸುತ್ತಿ, ಬೆಳಗಿನ ಬಸ್ಸಿಗೆ ಕಳಿಸಲು ಜಗಲಿ ಮೇಲಿಟ್ಟು ಸ್ನಾನಕ್ಕೆ ಹೋದ.

ವಾರ ಕಳೆದು ಶನಿವಾರ ಮಧ್ಯಾಹ್ನ ಶಂಕರ ಗಾಲಿ ಹೊತ್ತುಕೊಂಡು ತಾನೇ ಬಸ್ಸಿಳಿದ. ಸೋಮವಾರದಿಂದ ಗೌರಿಯ ಕೆಲಸ. ಗಾಲಿಯ ಗಂಟು ಜಗಲಿ ಮೇಲಿಟ್ಟವನು ಬಿಚ್ಚಲಿಲ್ಲ, ನೀರು ಕೇಳಿ ಕುಡಿದ, ಇನ್ನೊಂದು ಚೊಂಬು ಕೇಳಿದ. ಕೊನೆಗೆ ಗೌರಿಯೇ ತೆವಳಿಕೊಂಡು ಹೋಗಿ ಗಂಟು ಬಿಚ್ಚಿದಳು.

ನೀಲಿ! ಬಿಸಿಲಲ್ಲಿ ಕೆರೆಯ ನೀರಿನ ಹಾಗೆ ಮಿರಮಿರ ಅನ್ನುವ ನೀಲಿ. "ಅಣ್ಣಯ್ಯ, ಮುಖ ಕಾಣ್ತದೆ ಕಣೋ!" ಅಂತ ಗೌರಿ ಗಾಲಿಯನ್ನು ಮಡಿಲಿಗೆಳೆದುಕೊಂಡು ತಿರುಗಿಸಿದಳು. ತಿರುಗಿಸಿದವಳ ಕೈ ನಿಂತಿತು. ತಗಡಿನ ಒಂದು ಕಡೆ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಗುಳ್ಳೆಯ ಸುತ್ತ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಕುಳಿ. ಮೂರು ಗಾಲಿಯಲ್ಲೂ ಹಾಗೇ. ಉಗುರು ತಾಗಿಸಿದರೆ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

"ಎಣ್ಣೆ ಏನಾರ ಮುಟ್ಟಿತ್ತಾ ಅಣ್ಣ?" ಅಂದ ಶಂಕರ, ಮೆಲ್ಲಗೆ.

"ಯಾರಿಗ್ ಯೋಳ್ತಾ ಇದ್ದೀಯ್ಲಾ ನೀನು? ಮೂರು ಸಲ ಒರ್ಸಿದೀನಿ!" ಅಂತ ರೇಗಿದ ದೇವಯ್ಯ. ರೇಗುತ್ತಲೇ ಗಾಲಿ ಎತ್ತಿ ಕಣ್ಣ ಹತ್ತಿರ ಹಿಡಿದ. ಗುಳ್ಳೆ ಸುಮ್ಮನೆ ಎದ್ದದ್ದಲ್ಲ. ಮೂರು ಉದ್ದ ಗೀಟು, ಒಂದರ ಪಕ್ಕ ಒಂದು, ವಿಭೂತಿ ಎಳೆದ ಹಾಗೆ. ನಡುವಿನ ಗೀಟು ತುದಿಯಲ್ಲಿ ಎಡಕ್ಕೆ ಬಾಗಿತ್ತು.

ಆ ಬಾಗಿದ ಬೆರಳು ಯಾರದೆಂದು ಅವನಿಗೆ ಗೊತ್ತು. ಕುಡುಗೋಲು ತಾಗಿ ಸೊಟ್ಟಗಾದ ಅವ್ವನ ಬೆರಳು.

ಅವನು ಸ್ನಾನಕ್ಕೆ ಹೋದಾಗ ಅವ್ವ ದೊಡ್ಡತಾಯಮ್ಮ ಗಂಟು ಬಿಚ್ಚಿದ್ದಳು. ಅವಳ ತವರಿನಲ್ಲಿ ಹೊಸ ಗಾಡಿ ಹೊರಡುವ ಮೊದಲು ಗಾಲಿಗೆ ಹರಳೆಣ್ಣೆ ಮುಟ್ಟಿಸದೆ ಬಿಡುತ್ತಿರಲಿಲ್ಲ. ಒಣ ಗಾಲಿ ಮನೆಯಿಂದ ಹೊರಡಬಾರದು. ಅದರಲ್ಲೂ ಮಗಳ ಗಾಲಿ. ಮೂರಕ್ಕೂ ಮೂರು ಬೆರಳು ಎಣ್ಣೆ ಎಳೆದು, ಮಗ ಕೂಗಾಡುತ್ತಾನೆಂದು ಸೆರಗಲ್ಲಿ ಒರೆಸಿ, ಗಂಟನ್ನು ಮೊದಲಿದ್ದ ಹಾಗೇ ಕಟ್ಟಿಟ್ಟಿದ್ದಳು.

ದೇವಯ್ಯ ಓಣಿಯ ಕಡೆ ನೋಡಿದ. ಅವ್ವ ಇನ್ನೂ ಎಮ್ಮೆ ಮೇಯಿಸಲು ಹೋದವಳು ಬಂದಿರಲಿಲ್ಲ. "ಶಂಕ್ರ, ಅವ್ವ ಬಂದು ಕೇಳುದ್ರೆ ಒಲೆ ಕೆಟ್ಟಿತ್ತು ಅನ್ನು. ಎಣ್ಣೆ ಮಾತೆತ್ತಿದ್ರೆ ಸೀಳ್ಬುಡ್ತೀನಿ."

ಗಾಲಿ ಹೋದರೆ ಇನ್ನೊಂದು ಮಾಡುತ್ತಾನೆ ಅವನು. ಅವನ ಹೆದರಿಕೆ ಗಾಲಿಯದಲ್ಲ. ಗೌರಿಗೆ ಜ್ವರ ಬಂದ ಆ ಮೂರು ದಿನವೂ ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಹರಳೆಣ್ಣೆ ತಿಕ್ಕಿದ್ದಳು. ಆಸ್ಪತ್ರೆಗೆ ಹೊತ್ತೊಯ್ದಾಗ ಅಲ್ಲಿದ್ದವರೊಬ್ಬರು, "ಜ್ವರದಲ್ಲಿ ತಿಕ್ಕಿ ಕಾಲು ಕೆಡಿಸಿದ್ದೀಯಲ್ಲಮ್ಮ" ಅಂದುಬಿಟ್ಟರು. ಹತ್ತು ವರ್ಷದ ದೇವಯ್ಯ ಪಕ್ಕದಲ್ಲೇ ನಿಂತಿದ್ದ. ಆ ಮಾತನ್ನು ಅವ್ವ ಆಮೇಲೆ ಒಂದು ದಿನವೂ ಬಾಯಲ್ಲಿ ಆಡಲಿಲ್ಲ, ಯಾರಿಗೂ ಆಡಲು ಬಿಡಲಿಲ್ಲ. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡಿದ್ದಳು. ಈಗ ಅದೇ ಎಣ್ಣೆ, ಅದೇ ಕೈ, ಅದೇ ಮಗಳ ಗಾಲಿ.

ದೊಡ್ಡತಾಯಮ್ಮ ಬಂದಳು. ಎಮ್ಮೆ ಕಟ್ಟಿ, ಕಾಲು ತೊಳೆದು, ಗಾಲಿ ನೋಡಿದಳು. "ಇದ್ಯಾಕ್ಲಾ ಶಂಕ್ರ ಇಂಗಾಗದೆ?"

"ಒಲೆ... ಒಲೆ ಕೆಟ್ಟಿತ್ತು ದೊಡ್ಡವ್ವ. ಕಾವು ಜಾಸ್ತಿ ಆಗ್ಬುಟ್ಟಿತ್ತು."

"ಕಾವು ಜಾಸ್ತಿ ಆದ್ರೆ ಎಲ್ಲಾ ಕಡೆ ಸೀಯ್ಬೇಕು. ಇಲ್ಲೊಂದ್ ತಾವು ಮಾತ್ರ ಯಾಕೆ ಸೀದಾತು? ನಲವತ್ತು ವರ್ಷದಿಂದ ರೊಟ್ಟಿ ಬೇಯಿಸ್ತಾ ಇವ್ನಿ ಕಣಪ್ಪ, ನಂಗೇ ಒಲೆ ಕಥೆ ಯೋಳ್ತಿಯಾ?"

ಶಂಕರ ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡಿದ. ಮುದುಕಿ ಒಬ್ಬರಾದ ಮೇಲೊಬ್ಬರನ್ನು ನೋಡಿ, ಬಗ್ಗಿ, ತನ್ನ ಮೂರು ಬೆರಳನ್ನು ಆ ಗುಳ್ಳೆಗಳ ಮೇಲಿಟ್ಟಳು. ಅಳತೆ ತೆಗೆದು ಹೊಲಿದ ಹಾಗೆ ಕೂತವು.

"ನನ್ ಕೈಯೇ ಅಂಥದ್ದು" ಅಂದಳು. ಅಷ್ಟೇ. ಎದ್ದು ಒಳಗೆ ಹೋದಳು.

ಆ ಸಂಜೆ ಅವಳು ಉಣ್ಣಲಿಲ್ಲ. ಭಾನುವಾರ ಬೆಳಗ್ಗೆ ಒಲೆ ಹಚ್ಚಿದಳು, ಆದರೆ ಒಗ್ಗರಣೆಗೆ ಎಣ್ಣೆ ಹಾಕಲಿಲ್ಲ. ದೇವಯ್ಯನ ಹೆಂಡತಿ ಹೆರಿಗೆಗೆಂದು ದೇವಲಾಪುರದ ತವರಿಗೆ ಹೋಗಿದ್ದಳು, ಮನೆಯಲ್ಲಿ ಮಾತಾಡಿಸಿ ನಗಿಸುವವರೂ ಇಲ್ಲ. ದೇವಯ್ಯ ಗಾಲಿ ಮುಂದಿಟ್ಟುಕೊಂಡು, "ಕೆಟ್ಟ ಗಾಲೀಲಿ ನನ್ ತಂಗಿ ಓಗೋದ್ ಬೇಡ, ವಾಪಸ್ ತಕ್ಕೊಂಡೋಗ್ಲಾ, ಸುಟ್ಟು ಬಣ್ಣ ತೆಗ್ದು ಮತ್ತೆ ಮಾಡು" ಅಂತ ಶಂಕರನಿಗೆ ಅಂದ. ಶಂಕರ ಹದಿನೈದು ದಿನ ಬೇಕು ಅಂದ.

"ಬೇಡ" ಅಂದಳು ಗೌರಿ. "ಏಳೋದನ್ನ ಕೆರೆದು, ನಿನ್ ಡಬ್ಬಿ ಬಣ್ಣ ಹಚ್ಚಣ್ಣಯ್ಯ. ನಾನ್ ನಾಳೆ ಓಗ್ಬೇಕು."

"ಬಣ್ಣ ಕೂಡಲ್ಲ ಕಣೇ. ತೇಪೆ ಕಾಣ್ತದೆ."

"ಕಂಡ್ರೆ ಕಾಣ್ಲಿ. ನನ್ ಕಾಲೂ ಕಾಣ್ತವೆ."

ಸಂಜೆ ಗೌರಿ ಬಾಚಣಿಗೆ, ಎಣ್ಣೆ ಬಟ್ಟಲು ಹಿಡಿದು ಅವ್ವನ ಮುಂದೆ ಬೆನ್ನು ಮಾಡಿ ಕೂತಳು. "ತಲೆಗೆ ಎಣ್ಣೆ ಹಚ್ಚಿ ಬಾಚವ್ವ. ನಾಳೆ ನಾಲ್ಕು ಜನದ ಮುಂದೆ ಕೂರ್ಬೇಕು."

"ನಾನ್ ಮುಟ್ಟಲ್ಲ. ನೀನೇ ಹಚ್ಕೊ."

"ಯಾಕೆ?"

ಮುದುಕಿ ಬಟ್ಟಲು ದೂರ ತಳ್ಳಿದಳು. ಅಂಗಳದಲ್ಲಿ ಗುಳ್ಳೆ ಕೆರೆಯುತ್ತಿದ್ದ ದೇವಯ್ಯನ ಕೈ ನಿಂತಿತು. ಗೌರಿ ತಿರುಗಲಿಲ್ಲ, ಗೋಡೆ ನೋಡುತ್ತಲೇ ಹೇಳಿದಳು:

"ಗಾಲಿ ಕೆಟ್ಟಿದ್ದು ನಿನ್ ಎಣ್ಣೆಯಿಂದ್ಲೇ ಕಣವ್ವ. ಅದು ಹೌದು. ಅಣ್ಣಯ್ಯ ಸುಳ್ಳು ಯೋಳ್ದ. ಆದ್ರೆ ನನ್ ಕಾಲು ನಿನ್ ಎಣ್ಣೆಯಿಂದ ಓಗಿಲ್ಲ. ಆಸ್ಪತ್ರೇಲಿ ನಿಂಗಂದಿದ್ ಮಾತು ನಂಗೂ ಗೊತ್ತು. ಟ್ರೈನಿಂಗ್‌ನಲ್ಲಿ ಒಬ್ರು ಡಾಕ್ಟ್ರಮ್ಮ ಬಂದಿದ್ರು, ಬಿಡಿಸಿ ಕೇಳ್ದೆ. ಅದು ಪೋಲಿಯೋ ಅಂತೆ. ಕೊಳಕು ನೀರಲ್ಲಿ ಒಂದು ಉಳ ಇರ್ತದಂತೆ, ಅದು ಒಳಗೋಗಿ ನರ ತಿಂತದಂತೆ. ನೀನು ತಿಕ್ಕುದ್ರೂ ಓಯ್ತಿತ್ತು, ತಿಕ್ದೇ ಇದ್ರೂ ಓಯ್ತಿತ್ತು. ಯಾರಮ್ಮ ನಿಮ್ಮವ್ವಂಗೆ ಅಂಗಂದೋರು ಅಂತ ಬೈದ್ರು ಅವ್ರು."

ಎಮ್ಮೆ ಒಂದು ಸಲ ಮೈ ಕೊಡವಿತು.

"ಬಂದು ತಿಂಗಳಾತಲ್ಲ" ಅಂದಳು ದೊಡ್ಡತಾಯಮ್ಮ. "ಮೊದ್ಲೇ ಯಾಕ್ ಯೋಳ್ಲಿಲ್ಲ?"

"ಆ ಮಾತೆತ್ತಕ್ಕೆ ನೀನೆಲ್ಲಿ ಬುಡ್ತಿದ್ದೆ?"

"ಬೈದ್ರಾ ಅವ್ರು? ನಿಜವಾಗ್ಲೂ?"

"ಚೆನ್ನಾಗೇ ಬೈದ್ರು."

ಮುದುಕಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅತ್ತಳೋ ಏನೋ, ದೇವಯ್ಯ ಆ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಟ್ಟಲು ನೆಲಕ್ಕೆ ತಾಗಿದ ಸದ್ದು ಕೇಳಿತು, ಆಮೇಲೆ ಗೌರಿಯ ದನಿ, "ಮೆಲ್ಲುಗೆ ಕಣವ್ವ, ಕೂದ್ಲು ಕಿತ್ಬಿಡ್ತಿಯಾ!"

ಒಳ್ಳೇದಕ್ಕೆ ಅಂತ ಹೇಳಿದ ತನ್ನ ಸುಳ್ಳು ಅವ್ವನನ್ನು ಕಾಯಲಿಲ್ಲ, ತಂಗಿಯ ಒಂದು ಕಟುವಾದ ನಿಜ ಕಾಯಿತು ಅಂತ ದೇವಯ್ಯ ಆಮೇಲೆ ಶಾಪಿನಲ್ಲಿ ಕೂತವರ ಮುಂದೆಲ್ಲ ಹೇಳುತ್ತಿದ್ದ. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ತೇಪೆಗೆ ಬಣ್ಣ ಹಚ್ಚಿದ. ಕೂಡಲಿಲ್ಲ. ಮೋಡದ ನೆರಳು ಬಿದ್ದ ಹಾಗೆ ಮಾಸಲು ಕಂಡಿತು. ಮಳೆಗಾಲ ಕಳೆದ ಮೇಲೆ ಶಂಕರ ಆ ಗಾಲಿಗಳನ್ನು ಮತ್ತೆ ಒಯ್ದು, ಬೇರೆ ಕಡೆಯ ಅಗಲದ ತೊಟ್ಟಿಯಲ್ಲಿ ಸರಿಯಾಗಿ ಜಿಡ್ಡು ತೊಳೆಸಿ, ಹೊಸದಾಗಿ ಬೇಯಿಸಿ ತಂದದ್ದು ಬೇರೆ ಮಾತು.

ಸೋಮವಾರ ಬೆಳಗ್ಗೆ ಐದೂವರೆಗೆ ಗೌರಿ ಹೊರಟಳು. ಅಗಲದ ಗಾಲಿ ಕೆಸರಲ್ಲಿ ಹೂಳದೆ, ಚಪಾತಿ ಒತ್ತಿದ ಹಾಗೆ ಮಣ್ಣು ತುಳಿದುಕೊಂಡು ಹೋಯಿತು. ದೇವಯ್ಯ ಹತ್ತು ಮಾರು ಹಿಂದೆ ನಡೆದ. ಓಣಿಯ ಏರಿನಲ್ಲಿ ಒಂದು ಕಡೆ ಗಾಡಿ ನಿಧಾನವಾಯಿತು. ತಳ್ಳಲು ಮುಂದಾದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತ. ಗೌರಿ ಎರಡು ಸಲ ಜೋರಾಗಿ ತಿರುವಿದಳು, ಏರು ಹತ್ತಿತು.

ಡೈರಿಯಲ್ಲಿ ಹೆಂಗಸರ ಸಾಲು. ಸಾಲಿನಲ್ಲಿ ಏಳನೆಯವಳು ದೊಡ್ಡತಾಯಮ್ಮ, ಕ್ಯಾನು ಹಿಡಿದು, ತಾನು ಯಾರೋ ಬೇರೆಯವಳು ಅನ್ನುವ ಹಾಗೆ ನಿಂತಿದ್ದಳು. ಸರದಿ ಬಂತು. ಗೌರಿ ಹಾಲಿಗೆ ಅಳತೆ ಕೊಳವೆ ಇಳಿಬಿಟ್ಟಳು, ಬಗ್ಗಿ ನೋಡಿದಳು, ಇನ್ನೊಂದು ಸಲ ನೋಡಿದಳು.

"ಡಿಗ್ರಿ ಇಲ್ಲ. ನೀರ್ ಸೇರದೆ" ಅಂದಳು.

"ಏನಂದೇ?" ಮುದುಕಿ ಕ್ಯಾನನ್ನು ನೆಲಕ್ಕೆ ಕುಕ್ಕಿದಳು. "ಕ್ಯಾನ್ ತೊಳ್ದಿದ್ ನೀರು ವಸಿ ಉಳ್ದಿರ್ಬೌದು ಅಷ್ಟೇ! ಎತ್ತವ್ವನ ಹಾಲನ್ನೇ ವಾಪಸ್ ಮಾಡ್ತಿಯೇನೇ?"

"ಯಾರವ್ವ ಆದ್ರೂ ಅಷ್ಟೇ. ಪಕ್ಕಕ್ಕಿಡಿ, ಮುಂದಿನೋರು ಬನ್ನಿ."

ಸಾಲೆಲ್ಲ ಗೊಳ್ಳೆಂದಿತು. ದೊಡ್ಡತಾಯಮ್ಮ ಕ್ಯಾನು ಪಕ್ಕಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಸಾಲಿನ ತುದಿಯವರೆಗೂ ಕೇಳುವ ಹಾಗೆ ಮಗಳಿಗೆ ಬೈಯಲು ಶುರುಮಾಡಿದಳು. ಬಾಗಿಲಾಚೆ ನಿಂತಿದ್ದ ದೇವಯ್ಯ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಶಾಪಿನ ಬಾಗಿಲು ತೆಗೆಯಲು ಹೋದ.