ಜಿಪ್ ಫೈಲಿನೊಳಗಿನ ದೃಷ್ಟಿಬೊಟ್ಟು

ದೆವ್ವ, ಶಕುನ ಅಂದರೆ ನಗುವವನು ನಾನು. ನನ್ನ ಅನುಮಾನವೆಲ್ಲ ಮನುಷ್ಯರ ಮೇಲೆ. ಕೆಲವು ವರ್ಷಗಳ ಹಿಂದಿನ ಈ ಸಂಗತಿಯಲ್ಲೂ ಮೊದಲು ಹುಡುಕಿದ್ದು ಕಳ್ಳರನ್ನೇ.

ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಸಣ್ಣ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಡಿಸೈನ್ ಮಾಡುವುದು ನಾನು; ಮಷಿನ್ ನೋಡಿಕೊಳ್ಳುತ್ತಿದ್ದವರು ಸಾವಿತ್ರಕ್ಕ. ಮದುಮಗಳ ರವಿಕೆಯಾದರೆ ಆಕೆ ಒಳಮಡಿಕೆಯಲ್ಲಿ, ಯಾರಿಗೂ ಕಾಣದಂತೆ, ಕಪ್ಪು ನೂಲಿನ ಚುಕ್ಕಿಯೊಂದನ್ನು ಹಾಕದೆ ಕೊಡುತ್ತಿರಲಿಲ್ಲ. ಅದು ದೃಷ್ಟಿಬೊಟ್ಟು. "ಕಲ್ಲೇಟು ಬಿದ್ರೂ ಕಣ್ಣೇಟು ಬೀಳಬಾರ್ದು ಕಣೋ" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪದ್ಧತಿಯನ್ನು ನಾನು ಬಿಟ್ಟೆ. ಅವರೇ ಕೆಲಸ ಕಲಿಸಿದ್ದ ಲತಾ ಮಷಿನ್‌ಗೆ ಕೂತಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಒಂದೊಂದು ರವಿಕೆಯ ಫೈಲುಗಳನ್ನೂ ಒಂದೇ ಗಂಟಾಗಿ ಜಿಪ್ ಮಾಡಿಡುತ್ತೇನೆ. ಜಿಪ್‌ನೊಳಗೆ ಪ್ರತಿ ಫೈಲಿಗೂ ಒಂದು ಟಿಪ್ಪಣಿ ಅಂಟಿಸಬಹುದು. ಮೌಸ್ ಒತ್ತಿ ತೆರೆದವರಿಗೆ ಅದು ಕಾಣುವುದಿಲ್ಲ. ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟರೆ ಹೆಸರುಗಳೂ ಟಿಪ್ಪಣಿಗಳೂ ಸಾಲಾಗಿ ಬರುತ್ತವೆ, ತಿದ್ದಿ ವಾಪಸ್ ಸೇರಿಸಬಹುದು. ಒಂದು ಮಧ್ಯಾಹ್ನ ಮದುವೆ ರವಿಕೆಯ ಫೈಲಿನ ಹೆಸರು ತಿದ್ದಲು ಹೋದರೆ, ಅದರ ಕೆಳಗೆ ನಾನು ಬರೆಯದ ಟಿಪ್ಪಣಿ ಇತ್ತು: "ಬೊಟ್ಟು ಮರೀಬೇಡ."

ಮೈ ಉರಿಯಿತು. ಅದೇ ವಾರ ಮಾಗಡಿ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ನಮ್ಮದೇ ನವಿಲಿನ ಡಿಸೈನಿನ ರವಿಕೆ ನೇತಾಡುವುದನ್ನು ಕಂಡಿದ್ದೆ. ನನ್ನ ಕಂಪ್ಯೂಟರ್ ಮುಟ್ಟುವ ಇನ್ನೊಬ್ಬಳೆಂದರೆ ಲತಾ. ಕರೆದು ಕೇಳಿದೆ.

"ಅಣ್ಣಾ, ಆ ಕಪ್ಪು ಸ್ಕ್ರೀನ್ ಕಂಡ್ರೇನೇ ಭಯ ನಂಗೆ. ಎಲ್ಲಾ ಅಳಿಸಿಹೋದ್ರೆ ಅಂತ ಮುಟ್ಟೋದೇ ಇಲ್ಲ," ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ನನಗೆ.

ಟಿಪ್ಪಣಿ ಅಳಿಸಿದೆ. ಜಿಪ್ಪನ್ನು ಪೆನ್‌ಡ್ರೈವ್‌ಗೆ ಹಾಕಿ, ಅಂಗಡಿಯ ಕಂಪ್ಯೂಟರಿನಿಂದ ತೆಗೆದೇಬಿಟ್ಟು, ಪೆನ್‌ಡ್ರೈವನ್ನು ಜೇಬಿಗಿಳಿಸಿ ನಂದಿನಿ ಲೇಔಟಿನ ಮನೆಗೆ ಹೊರಟೆ. ಬೆಳಿಗ್ಗೆ ಲತಾಳಿಗೆ ಇನ್ನು ಬರಬೇಡ ಎಂದು ಹೇಳುವುದೆಂದು ದಾರಿಯಲ್ಲೇ ತೀರ್ಮಾನಿಸಿದೆ. ಅದನ್ನು ಯಾರ ಬಳಿಯೂ ಆಡಲಿಲ್ಲ.

ಬೆಳಿಗ್ಗೆ ಅವಳು ಬರುವ ಮೊದಲೇ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿ ಕಮಾಂಡ್ ಕೊಟ್ಟೆ. ಟಿಪ್ಪಣಿ ಮತ್ತೆ ಅಲ್ಲೇ ಇತ್ತು. ಕೆಳಗೆ ಇನ್ನೊಂದು ಸಾಲು: "ಲತನ್ನ ಕಳಿಸ್ಬೇಡ ಕಣೋ."

ಆ ಅಂಗಡಿಯಲ್ಲಿ ನನ್ನನ್ನು 'ಕಣೋ' ಅಂತ ಮಾತಾಡಿಸುತ್ತಿದ್ದವರು ಒಬ್ಬರೇ.

ರಾತ್ರಿ ಪೆನ್‌ಡ್ರೈವ್ ಮನೆಯಲ್ಲಿತ್ತಲ್ಲ ಎಂದು ಹೆಂಡತಿಯನ್ನೂ ಅನುಮಾನಿಸಿದೆ; ಆದರೆ ಆಕೆಗೆ ಗೊತ್ತಿರುವ ಜಿಪ್ಪು ಬ್ಯಾಗಿನದೊಂದೇ. ಮೊದಲ ಟಿಪ್ಪಣಿ ಅಳಿಸಿದ್ದು ಸರಿಯಾಗಿ ಸೇವ್ ಆಗಲಿಲ್ಲ ಅಂದುಕೊಳ್ಳೋಣ. ಎರಡನೆಯ ಸಾಲು? ನಾನು ಬಾಯಿಬಿಟ್ಟು ಆಡದ ಮಾತಿಗೆ ಉತ್ತರ ಬರೆದವರು ಯಾರು?

ಲತಾ ಈಗಲೂ ನಮ್ಮಲ್ಲೇ ಇದ್ದಾಳೆ. ನವಿಲು ಹೇಗೆ ಹೊರಗೆ ಹೋಯಿತೆಂದು ಇವತ್ತಿಗೂ ತಿಳಿದಿಲ್ಲ. ಜಿಪ್‌ಗಳಿಗೆ ಪಾಸ್‌ವರ್ಡ್ ಹಾಕಿದ್ದೇನೆ, ಅವಳಿಗೆ ಹೇಳಿಲ್ಲ. ಕಪ್ಪು ಬೊಟ್ಟನ್ನು ಮಾತ್ರ ಡಿಸೈನಿಗೆ ನಾನೇ ಸೇರಿಸುತ್ತೇನೆ. ಮದುವೆ ರವಿಕೆ ಮುಗಿದಾಗಲೆಲ್ಲ ಟಿಪ್ಪಣಿ ತೆರೆದು ನೋಡುತ್ತೇನೆ. ಖಾಲಿ ಇರುತ್ತದೆ. ಇಂಥದನ್ನೆಲ್ಲ ನಂಬುವವನಲ್ಲ ನಾನು. ಆದರೂ ಖಾಲಿ ಕಂಡಾಗ, ಲತಾಳನ್ನು ಪೂರ್ತಿ ನಂಬದ ನನ್ನ ಮೇಲೆ ಸಾವಿತ್ರಕ್ಕನ ಕೋಪ ಇನ್ನೂ ಇಳಿದಿಲ್ಲವೇನೋ ಅನ್ನಿಸುತ್ತದೆ.